ಎಲ್ಲಿಗೆ ಎಂದು ಕೇಳದ ಗಾಡಿ

ಸಂಜೆಯ ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಚೈತ್ರಜ್ಜಿ ಗೋಡೆ ಹಿಡಿದುಕೊಂಡು ಗೇಟಿನ ತನಕ ಬರುತ್ತಿದ್ದಳು. ಗೇಟಿನಾಚೆ, ಚಾಲಕರಿಲ್ಲದೆ ತಾವೇ ಓಡುವ ಬೀದಿಯ ಜಾಲಗಾಡಿಗಳು ನಿಲ್ಲುವ ಜಾಗ. ಯಾವುದಾದರೊಂದು ಗಾಡಿ ಅಲ್ಲಿ ಖಾಲಿ ಇದ್ದೇ ಇರುತ್ತಿತ್ತು. ಅಜ್ಜಿ ಹತ್ತಿ ಕೂತು, ಎಡಗೈಯಿಂದ ಚೂಡಿದಾರದ ವೇಲು ಸರಿಮಾಡಿಕೊಂಡು, ಮುಂದಿನ ಗಾಜಿನತ್ತ ನೋಡುತ್ತಿದ್ದಳು. ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು.

"ನಮಸ್ಕಾರ. ಎಲ್ಲಿಗೆ ಹೋಗೋಣ?" ಎಂದು ಗಾಡಿ ಮೆಲ್ಲಗೆ ಕೇಳುತ್ತಿತ್ತು.

"ಆಯ್ತು," ಎನ್ನುತ್ತಿದ್ದಳು ಅಜ್ಜಿ.

"ಕ್ಷಮಿಸಿ, 'ಆಯ್ತು' ಎಂಬ ಸ್ಥಳ ಸಿಗಲಿಲ್ಲ. ಎಲ್ಲಿಗೆ ಹೋಗೋಣ?"

"ಆಯ್ತು. ಆಯ್ತು."

ಗಾಡಿ ಇನ್ನೊಮ್ಮೆ ಕೇಳಿ, ಆಮೇಲೆ ಬಾಗಿಲು ತೆರೆದು ಸುಮ್ಮನಾಗುತ್ತಿತ್ತು. ಅದರಲ್ಲಿ ಸಿಟ್ಟಾಗಲಿ ಬೇಸರವಾಗಲಿ ಇರುತ್ತಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಇಳಿದು, ಬಂದ ಹಾಗೇ ಗೋಡೆ ಹಿಡಿದುಕೊಂಡು ಒಳಗೆ ಹೋಗುತ್ತಿದ್ದಳು. ಮೊಮ್ಮಗಳು ಮೇದಿನಿ ಇದನ್ನು ಮೇಲಿನ ಕಿಟಕಿಯಿಂದ ನೋಡುತ್ತಲೇ ಬೆಳೆದಿದ್ದಳು.

ಅಜ್ಜಿಗೆ ಲಕ್ವ ಹೊಡೆದು ಕೆಲವು ವರ್ಷಗಳಾಗಿದ್ದವು. ಬಲಗೈ ಸತ್ತಂತಾಯಿತು, ಬಲಗಾಲು ಎಳೆಯತೊಡಗಿತು. ಮಾತುಗಳೆಲ್ಲ ಹೋಗಿ ಒಂದೇ ಒಂದು ಮಾತು ಉಳಿಯಿತು. ಹೋದದ್ದು ನಾಲಿಗೆಯ ಮಾತಷ್ಟೇ ಅಲ್ಲ. ಅಕ್ಷರ ತೋರಿಸಿದರೆ ಅವಳಿಗೆ ಗೀಟುಗಳಂತೆ ಕಾಣುತ್ತಿತ್ತು, ನಕ್ಷೆ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. ಬುದ್ಧಿಗೆ ಏನೂ ಆಗಿಲ್ಲ, ತಲೆಯೊಳಗೆ ಹೆಸರುಗಳಿದ್ದ ಕೋಣೆಯ ದೀಪ ಮಾತ್ರ ಆರಿದೆ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಹೆಸರು ಹೇಳದೆ ಯಾವ ಗಾಡಿಯೂ ಹೊರಡದ ಕಾಲ ಅದು. ಹಾಗಾಗಿ ಹೆಸರು ಕಳೆದುಕೊಂಡವಳಿಗೆ ಹೋಗಲು ಜಾಗವೇ ಇಲ್ಲದಂತಾಯಿತು.

ಮೊದಮೊದಲು ಮೇದಿನಿಯ ಅಮ್ಮ ಅನ್ವಿತಾ ತಾಯಿಯ ಪಕ್ಕ ಕೂತು ಒಂದೊಂದೇ ಹೆಸರು ಹೇಳಿ ಕರೆದೊಯ್ದಿದ್ದಳು. ಕೋಟೆ ಆಯಿತು, ಏಕನಾಥೇಶ್ವರಿ ಗುಡಿ ಆಯಿತು, ಚಂದ್ರವಳ್ಳಿ ಕೆರೆ ಆಯಿತು, ಹಿರಿಯೂರಿನ ಚಿಕ್ಕಮ್ಮನ ಮನೆಯೂ ಆಯಿತು. ಪ್ರತಿಸಲವೂ ಅಜ್ಜಿ ಹೊರಗೆ ಇಣುಕಿ, ಇದಲ್ಲ ಎಂದು ತಲೆಯಾಡಿಸುತ್ತಿದ್ದಳು. ಹೆಸರುಗಳು ಮುಗಿದ ಮೇಲೆ ಅನ್ವಿತಾ ಕೇಳುವುದನ್ನೇ ಬಿಟ್ಟಳು. ಇದು ರೋಗದ ಚಡಪಡಿಕೆ, ಹುಡುಕಿದರೆ ಅರ್ಥ ಸಿಗುವುದಿಲ್ಲ ಎಂದು ಡಾಕ್ಟರೊಬ್ಬರು ಸಂಜೆಗೊಂದು ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದ ದಿನ ಅಜ್ಜಿ ಗೇಟಿಗೆ ಬರದೆ ತೂಕಡಿಸುತ್ತಿದ್ದಳು.

ಮೇದಿನಿಗೆ ಹದಿನಾರು ತುಂಬಿದ ವರ್ಷ ಅವಳ ತರಗತಿಯ ಮಕ್ಕಳಿಗೆಲ್ಲ ಸ್ಟೇರಿಂಗ್ ಗಾಡಿಯ ಹುಚ್ಚು ಹಿಡಿದಿತ್ತು. ಚಿತ್ರದುರ್ಗದ ರಸ್ತೆಗಳೆಲ್ಲ ಆ ಹೊತ್ತಿಗೆ ಹಾದಿಜಾಲದೊಳಗೆ ಬಂದಿದ್ದವು. ಡಾಂಬರಿನಡಿಯ ತಂತಿ ಗಾಡಿಗೆ ದಾರಿ ಹೇಳುತ್ತಿತ್ತು, ಗಾಡಿ ಗಾಡಿಯ ಜೊತೆ ಮಾತಾಡಿಕೊಳ್ಳುತ್ತಿತ್ತು, ಮನುಷ್ಯರು ಒಳಗೆ ಕೂತು ನಿದ್ದೆ ಮಾಡುತ್ತಿದ್ದರು. ಆದರೂ ಸ್ಟೇರಿಂಗನ್ನು ಕಾನೂನು ಪೂರ್ತಿ ಕೈಬಿಟ್ಟಿರಲಿಲ್ಲ. ಹದಿನಾರಕ್ಕೆ ಕಲಿಕೆಯ ಪರವಾನಗಿ, ಹದಿನೇಳಕ್ಕೆ ಅರೆ ಪರವಾನಗಿ, ಹದಿನೆಂಟಕ್ಕೆ ಪೂರ್ತಿ. ಕಲಿಯುವವರು ಪಕ್ಕದಲ್ಲಿ ಪರವಾನಗಿಯ ಹಿರಿಯರೊಬ್ಬರಿಲ್ಲದೆ ಗಾಡಿ ಮುಟ್ಟುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಓಡಿಸುವಂತಿಲ್ಲ, ಗೆಳೆಯರನ್ನು ಹತ್ತಿಸಿಕೊಳ್ಳುವಂತಿಲ್ಲ. ನಡುದಾರಿಯಲ್ಲಿ ಸ್ಟೇರಿಂಗನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಗಾಡಿಯ ಹಿಂದೆ ಕೆಂಪು ಬಣ್ಣದ 'ಕ' ಅಂಟಿಸಬೇಕು. ಇಷ್ಟೆಲ್ಲ ಕಟ್ಟುಪಾಡಿದ್ದರೂ ಮಕ್ಕಳಿಗೆ ಅದು ಬೇಕಿತ್ತು. ಜೋಗಿಮಟ್ಟಿಯ ಕಾಡಿನ ಬಾಗಿಲಲ್ಲಿ ಜಾಲಗಾಡಿಗಳೆಲ್ಲ ನಿಂತುಬಿಡುತ್ತಿದ್ದವು. ಅದರಾಚೆಗಿನ ರಸ್ತೆ ಏನು ಮಾಡುತ್ತದೆ ಎಂದು ನೋಡುವ ಆಸೆ ಮೇದಿನಿಗೆ.

ಪಕ್ಕದಲ್ಲಿ ಕೂರುವ ಹಿರಿಯರು ಯಾರು ಎಂಬ ಪ್ರಶ್ನೆ ಬಂತು. ಅಪ್ಪ ಬೇರೆ ಸಂಸಾರ ಮಾಡಿಕೊಂಡು ದೂರವಾಗಿದ್ದ. ಅಮ್ಮ ಜಾಲಗಾಡಿಯ ಕಾಲದಲ್ಲಿ ಬೆಳೆದವಳು, ಸ್ಟೇರಿಂಗ್ ಹಿಡಿದವಳೇ ಅಲ್ಲ. ಮನೆಯಲ್ಲಿ ಹಳೆಯ ಪರವಾನಗಿ ಇದ್ದದ್ದು ಚೈತ್ರಜ್ಜಿಗೆ ಮಾತ್ರ. ಅದೂ ಸಾಮಾನ್ಯದ ಪರವಾನಗಿಯಲ್ಲ. ಒಂದು ಕಾಲದಲ್ಲಿ ಊರಿನ ಹೆಂಗಸರಿಗೆ ಕಾರು ಕಲಿಸುತ್ತಿದ್ದವಳು ಅವಳು. ಡ್ರೈವಿಂಗ್ ಸ್ಕೂಲಿನ ಬೋರ್ಡು ಇನ್ನೂ ಅಟ್ಟದ ಮೇಲಿತ್ತು.

"ಅಜ್ಜಿ ಕೈಲಿ ಆಗಲ್ಲ ಕಣೇ," ಎಂದಳು ಅನ್ವಿತಾ.

"ಮೊದಲ ಪಾಠ ಎಲ್ಲ ನಿದ್ದೇಲಿ ಅಮ್ಮ. ಮಲಗಿಕೊಂಡರೆ ಸಾಕು. ಮಲಗಕ್ಕೆ ಅಜ್ಜಿಗೆ ಆಗುತ್ತಲ್ಲ?"

ಅನ್ವಿತಾ ಅಜ್ಜಿಯತ್ತ ತಿರುಗಿ ನೋಡಿದಳು. ಅಜ್ಜಿ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದಳು.

ನಿದ್ರಾಚಾಲನಾ ಕೇಂದ್ರವನ್ನು ಊರವರು ನಿದ್ದೆಮನೆ ಎನ್ನುತ್ತಿದ್ದರು. ಮೆದೇಹಳ್ಳಿ ರಸ್ತೆಯಲ್ಲಿ ಹಿಂದೆ ಕಲ್ಯಾಣಮಂಟಪವಾಗಿದ್ದ ಕಟ್ಟಡ ಅದು. ಊಟದ ಪಂಕ್ತಿ ಕೂರುತ್ತಿದ್ದ ಹಾಲಿನಲ್ಲಿ ಈಗ ಜೋಡಿ ಮಂಚಗಳು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಕ್ಕಳು ತಮ್ಮ ಹಿರಿಯರ ಜೊತೆ ಬಂದು, ತಲೆಗೆ ಮೆತ್ತನೆಯ ಟೋಪಿ ಹಾಕಿಕೊಂಡು, ತಿಳಿಹಳದಿ ಪರದೆಯ ನೆರಳಲ್ಲಿ ಮಲಗುತ್ತಿದ್ದರು. ಮಂಟಪದ ಹಳೆಯ ಫ್ಯಾನುಗಳು ಈಗಲೂ ತಿರುಗುತ್ತಿದ್ದವು.

ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ನಾಜ್ನೀನ್. ಹೊಸಬರಿಗೆಲ್ಲ ಅವರು ಒಂದೇ ರೀತಿ ಹೇಳುತ್ತಿದ್ದರು. "ಕನಸಲ್ಲಿ ಓಡ್ತೀರಲ್ಲ, ಆಗ ನಿಮ್ಮ ಮಿದುಳು ಕಾಲಿಗೆ 'ಓಡು' ಅಂತ ನಿಜವಾಗಲೂ ಹೇಳಿರುತ್ತೆ. ಆ ಮಾತು ಕತ್ತಿನ ಹತ್ತಿರ ಬಂದು ನಿಂತುಬಿಡುತ್ತೆ, ಅದಕ್ಕೇ ನೀವು ಮಂಚದಿಂದ ಬೀಳಲ್ಲ. ನಮ್ಮ ಟೋಪಿ ಆ ಮಾತನ್ನ ಹಿಡಿಯುತ್ತೆ. ನೀವು ಹೀಗೆ ತಿರುಗಿಸಿದ್ರೆ ಗಾಡಿ ಹೇಗೆ ತಿರುಗುತ್ತೆ, ಹೀಗೆ ಒತ್ತಿದ್ರೆ ಹೇಗೆ ನಿಲ್ಲುತ್ತೆ ಅಂತ ಯಂತ್ರ ಲೆಕ್ಕ ಹಾಕಿ, ಆ ಅಲುಗಾಟವನ್ನ ಹಾಸಿಗೆಯಿಂದ ನಿಮಗೆ ವಾಪಸ್ ಕೊಡುತ್ತೆ. ಪಕ್ಕದ ಮಂಚದ ಹಿರಿಯರೂ ಅದೇ ಗಾಡೀಲಿರ್ತಾರೆ. ರಸ್ತೆ ಮಾತ್ರ ನಾವು ತೋರಿಸಲ್ಲ. ಅದು ನಿಮ್ಮದೇ."

ಮೊದಲ ದಿನ ಮೇದಿನಿ ಕಣ್ಣು ಮುಚ್ಚಿದಾಗ ಪಕ್ಕದ ಮಂಚದಲ್ಲಿ ಅಜ್ಜಿಯ ಉಸಿರು ಕೇಳುತ್ತಿತ್ತು. ಆಮೇಲೆ ಫ್ಯಾನಿನ ಸದ್ದು ಗಾಳಿಯಂತ್ರದ ಸದ್ದಾಯಿತು. ಗುಡ್ಡದ ನೆತ್ತಿಯ ಬಿಳಿ ರೆಕ್ಕೆಗಳು ನೀರೊಳಗೆ ತಿರುಗುವಂತೆ ನಿಧಾನಕ್ಕೆ ತಿರುಗುತ್ತಿದ್ದವು. ರಸ್ತೆ ಆಗತಾನೇ ಹಾಸಿದ ಹಾಗೆ ಕಪ್ಪಗೆ, ಬೆಚ್ಚಗೆ ಇತ್ತು. ಕೋಟೆಯ ಬಂಡೆಗಳು ಎರಡೂ ಬದಿಯಲ್ಲಿ ಮೇಯುತ್ತಿದ್ದ ಎಮ್ಮೆಗಳಂತೆ ಎದ್ದು, ಎರಡು ಹೆಜ್ಜೆ ಹಾಕಿ, ಮತ್ತೆ ಮಲಗುತ್ತಿದ್ದವು. ಅವಳ ಕೈಯಲ್ಲಿ ಸ್ಟೇರಿಂಗ್ ಇತ್ತು. ಅದು ಜೀವವಿರುವುದರಂತೆ ಸಣ್ಣಗೆ ನಡುಗುತ್ತಿತ್ತು.

ಎಡಗಡೆ ಅಜ್ಜಿ ಕೂತಿದ್ದಳು. ಕೂದಲು ಅರ್ಧ ಕಪ್ಪು, ಬೆನ್ನು ನೆಟ್ಟಗೆ.

"ಕನ್ನಡಿ ನೋಡು," ಎಂದಳು ಅಜ್ಜಿ.

ಮೇದಿನಿಗೆ ಆಶ್ಚರ್ಯವೇ ಆಗಲಿಲ್ಲ. ಅಜ್ಜಿ ಮಾತಾಡುವುದು ಗಾಳಿ ಬೀಸಿದಷ್ಟೇ ಸಹಜವಾಗಿತ್ತು.

"ನೋಡಿದೆ ಅಜ್ಜಿ."

"ನೋಡಿದೆ ಅನ್ನಬೇಡ. ಏನು ಕಾಣಿಸ್ತು ಹೇಳು."

"ಬಂಡೆಗಳು ಹಿಂದೆ ಬರ್ತಿವೆ."

"ಬರಲಿ ಬಿಡು. ಅವಕ್ಕೆ ಜಾಗ ಕೊಟ್ಟು ಹೋಗು."

ತಿರುವು ಬಂದಾಗ ಅಜ್ಜಿಯ ಬಲಗೈ ಚಾಚಿಕೊಂಡು ಬಂದು ಸ್ಟೇರಿಂಗನ್ನು ಒಂದು ಕೂದಲೆಳೆಯಷ್ಟು ಒತ್ತಿತು. ಗಾಡಿ ತಿರುವಿನೊಳಕ್ಕೆ ಜಾರಿಕೊಂಡಿತು. ಸರಿಯಾಯಿತು ಎನ್ನಲು ಅಜ್ಜಿ ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಿಂದ ತಟ್ಟಿದಳು. ಎಚ್ಚರವಾದಾಗ ಪರದೆಯ ಮೇಲೆ ಬಿಸಿಲು ಇಳಿದಿತ್ತು. ಅಜ್ಜಿ ಪಕ್ಕದ ಮಂಚದಲ್ಲಿ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದಳು. ಮೇದಿನಿಯನ್ನು ನೋಡಿ "ಆಯ್ತು," ಎಂದಳು.

ಆ ಕಡಲೆಕಾಯಿ ಸುಗ್ಗಿಯ ತಿಂಗಳು ಪೂರ್ತಿ ಹಾಗೇ ಹೋಯಿತು. ವಾರಕ್ಕೆರಡು ಮಧ್ಯಾಹ್ನ ಅಜ್ಜಿ ಮೊಮ್ಮಗಳು ಮಲಗಿಕೊಂಡು ಹೊರಡುತ್ತಿದ್ದರು. ಮೇದಿನಿ ಹಾದಿ ದಾಟುವವರಿಗೆ ನಿಲ್ಲುವುದನ್ನು ಕಲಿತಳು, ಮುಂದಿನ ಗಾಡಿಯ ಬಾಲ ಹಿಡಿಯದೆ ದೂರ ಬಿಡುವುದನ್ನು ಕಲಿತಳು. ಎಚ್ಚರವಾದ ಮೇಲೂ ಬೆರಳುಗಳಲ್ಲಿ ಅದೆಲ್ಲ ಉಳಿಯುತ್ತಿತ್ತು. ಅಜ್ಜಿ ಕನಸಿನಲ್ಲಿ ಬೈಯುತ್ತಿದ್ದಳು, ನಗುತ್ತಿದ್ದಳು. ಹಿಂದೆ ಕಾರು ಕಲಿಯಲು ಬಂದ ಒಬ್ಬಳು ಬ್ರೇಕಿನ ಬದಲು ದೇವರ ಹೆಸರು ಹೇಳುತ್ತಿದ್ದ ಕಥೆಯನ್ನೂ ಹೇಳಿದಳು. ಒಂದು ದಿನ ಮೇದಿನಿ ಕೇಳಿಯೇಬಿಟ್ಟಳು.

"ಅಜ್ಜಿ, ದಿನಾ ಸಂಜೆ ಎಲ್ಲಿಗೆ ಹೋಗಬೇಕು ಅಂತ ನೀನು ಗೇಟಿಗೆ ಬರೋದು?"

"ಮುಂದೆ ನೋಡ್ಕೊಂಡು ಓಡಿಸು," ಎಂದಳು ಅಜ್ಜಿ. ಆದರೆ ಅವಳ ಕೈ ಎದ್ದು ಎಡಕ್ಕೆ ತೋರಿಸಿತು. ಮುಂದಿನ ಕವಲಿನಲ್ಲಿ ಮತ್ತೆ ಎಡಕ್ಕೆ, ಆಮೇಲೆ ನೇರಕ್ಕೆ. ಕನಸಿನ ರಸ್ತೆ ಅಲ್ಲಿ ಹತ್ತಿಯಂಥ ಬೆಳ್ಳನೆಯ ಬಯಲಿಗೆ ಬಂದು ಕರಗಿಹೋಯಿತು.

ಅವತ್ತು ಮನೆಗೆ ಬಂದವಳೇ ಮೇದಿನಿ ಅಮ್ಮನಿಗೆ ಎಲ್ಲ ಹೇಳಿದಳು. ಅಜ್ಜಿ ಮಾತಾಡುತ್ತಾಳೆ, ಬಾಯಿತುಂಬ ಮಾತಾಡುತ್ತಾಳೆ, ನೀನೂ ಬಾ ಎಂದಳು. ಈರುಳ್ಳಿ ಹೆಚ್ಚುತ್ತಿದ್ದ ಅನ್ವಿತಾಳ ಕೈ ನಿಂತಿತು.

"ಏನಂದಳು?" ಎಂದು ಮಾತ್ರ ಕೇಳಿದಳು. ಮತ್ತೆ, "ನನ್ನ ಬಗ್ಗೆ ಏನಾದ್ರೂ ಅಂದಳಾ?"

ಅನ್ವಿತಾ ಮಾರನೆಯ ದಿನವೇ ರಜೆ ಹಾಕಿ ಅಜ್ಜಿ ಮೊಮ್ಮಗಳ ಜೊತೆ ನಿದ್ದೆಮನೆಗೆ ಬಂದಳು.

ಡಾಕ್ಟರ್ ನಾಜ್ನೀನರ ಕೋಣೆ ಹಾಲಿನ ತುದಿಯಲ್ಲಿತ್ತು. ಗಾಜಿನ ಗೋಡೆಯಾಚೆ ಮಂಚಗಳ ಸಾಲು, ಈಚೆ ಗೋಡೆಯ ತುಂಬ ಪರದೆಗಳು. ಪ್ರತಿ ಜೋಡಿ ಮಂಚಕ್ಕೂ ಎರಡು ಬಣ್ಣದ ಅಲೆಗಳು ಹರಿಯುತ್ತಿದ್ದವು. ನಾಜ್ನೀನ್ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕುರ್ಚಿಯನ್ನು ಮೇದಿನಿಯ ಹತ್ತಿರ ಎಳೆದುಕೊಂಡರು.

"ಇದನ್ನ ಮೊದಲೇ ಹೇಳಬೇಕಿತ್ತು ನಾನು. ಎರಡು ಟೋಪಿ ಮಧ್ಯೆ ಮಾತು ದಾಟಲ್ಲ ಮೇದಿನಿ. ಕೈಯಿ, ಕಾಲು, ಕತ್ತು ತಿರುಗಿಸೋದು ಇಷ್ಟೇ ದಾಟೋದು. ನೀನು ಕೇಳಿದ ಮಾತೆಲ್ಲ ನಿನ್ನ ಮನಸ್ಸೇ ಮಾಡ್ಕೊಂಡಿದ್ದು."

"ಬ್ರೇಕಿನ ಬದಲು ದೇವರ ಹೆಸರು ಹೇಳ್ತಿದ್ದೋಳ ಕಥೆ?"

"ನೀನು ಚಿಕ್ಕವಳಿದ್ದಾಗ ಅಜ್ಜಿ ಹೇಳಿದ್ದಿರಬಹುದು. ಇಲ್ಲ, ನೀನೇ ಕಟ್ಟಿರಬಹುದು."

ಅನ್ವಿತಾ ಎದ್ದು ನಿಂತಳು. ಅವಳ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಮೋಸಹೋದವರ ಸುಸ್ತು ಇತ್ತು. "ಹೋಗೋಣ ನಡಿ," ಎಂದಳು.

"ಒಂದ್ನಿಮಿಷ ಅನ್ವಿತಾ ಅವರೇ," ಎಂದರು ನಾಜ್ನೀನ್. "ಮಾತು ದಾಟಲ್ಲ ಅಂದೆ. ಕೈ ದಾಟಲ್ಲ ಅನ್ನಲಿಲ್ಲ."

ಅವರು ಹಿಂದಿನ ದಿನದ ಅಲೆಗಳನ್ನು ಪರದೆಗೆ ತಂದರು. ಕೇಸರಿ ಬಣ್ಣದ್ದು ಅಜ್ಜಿಯದು. ಅದರಲ್ಲಿ ಒಂದು ಕಡೆ ದಟ್ಟವಾದ ಏರಿಳಿತವಿತ್ತು. "ಇದು ಬಲಗೈ. ಎಚ್ಚರದಲ್ಲಿ ಒಂದು ಲೋಟ ಹಿಡಿಯಲ್ಲ ಈ ಕೈ. ಕೈಗೆ ಹೋಗೋ ದಾರಿ ಕಡಿದಿದೆ, ಆದ್ರೆ ಹೊರಡೋ ಜಾಗ ಹಾಗೇ ಇದೆ. ನಿದ್ದೇಲಿ ಇದು ಮೊಮ್ಮಗಳ ಕೈಮೇಲೆ ಕೈಯಿಟ್ಟು ತಿರುಗಿಸೋದು ಕಲಿಸ್ತಿದೆ."

ಪಕ್ಕದ ಮೇಜಿನ ಮೇಲೆ ದಪ್ಪನೆಯದೊಂದು ಕೈಗವಸಿತ್ತು. ಹಾಸಿಗೆಗಳನ್ನು ಪರೀಕ್ಷಿಸಲು ಕೇಂದ್ರದವರು ಬಳಸುತ್ತಿದ್ದ ಗವಸು ಅದು. ಟೋಪಿಯಿಂದ ಬಂದ ಒತ್ತಡವನ್ನು ಅದು ತೊಟ್ಟವರ ಕೈಗೆ ಮುಟ್ಟಿಸುತ್ತಿತ್ತು. ನಾಜ್ನೀನ್ ಅದನ್ನು ಅನ್ವಿತಾಳ ಕೈಗೆ ತೊಡಿಸಿದರು. ಗಾಜಿನಾಚೆ ಅಜ್ಜಿ ಆಗಲೇ ಟೋಪಿ ಹಾಕಿಕೊಂಡು ಮಲಗಿದ್ದಳು, ಯಾರಿಗೂ ಕಾಯದೆ. ಅವಳ ಬಲಗೈ ಚಾದರದ ಮೇಲೆ ಒಣಗಿದ ಎಲೆಯಂತೆ ಮಗುಚಿಕೊಂಡಿತ್ತು. ಮೇದಿನಿ ಹೋಗಿ ಪಕ್ಕದಲ್ಲಿ ಮಲಗಿದಳು.

ಆಮೇಲೆ ನಡೆದದ್ದನ್ನು ಮೇದಿನಿಗೆ ಹೇಳಿದವರು ನಾಜ್ನೀನ್. ಅನ್ವಿತಾ ಗವಸಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳಂತೆ. ಅವಳ ಕಣ್ಣು ಮಂಚದ ಮೇಲಿನ ಕೈಯ ಮೇಲೇ ಇತ್ತಂತೆ. ಅದು ಒಂದಿಷ್ಟೂ ಅಲುಗಲಿಲ್ಲ. ಆದರೆ ಗವಸಿನೊಳಗೆ ಯಾರೋ ಅವಳ ಕೈಯನ್ನು ಮೃದುವಾಗಿ ಹಿಡಿದು, ಒಂದಿಷ್ಟು ತಿರುಗಿಸಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಂದ ತಟ್ಟಿದರಂತೆ. ಅನ್ವಿತಾ ಬಗ್ಗಿ, ಆ ಗವಸನ್ನು ಕೆನ್ನೆಗೆ ಒತ್ತಿಕೊಂಡಳಂತೆ. ನಾಜ್ನೀನ್ ಎದ್ದು ಹೊರಗೆ ಹೋದರಂತೆ.

ಎದ್ದು ಬಂದ ಮೇಲೆ ಮೇದಿನಿ ಕೇಳಿದಳು. "ಮೇಡಂ, ಕೈ ದಾಟುತ್ತೆ ಅಂದ್ರೆ, ಎಡಕ್ಕೆ ಹೋಗು ಅಂತ ಅಜ್ಜಿ ತೋರಿಸಿದ್ದು ಅಜ್ಜಿಯದೇ ತಾನೇ?"

"ಅಜ್ಜಿಯದೇ."

"ಹಾಗಾದ್ರೆ ಅಜ್ಜಿ ಎಲ್ಲಿಗೋ ಹೋಗ್ತಿದ್ದಾಳೆ."

"ಹೋಗ್ತಿರಬಹುದು. ಆದ್ರೆ ಕನಸಲ್ಲಿ ಅದು ಸಿಗಲ್ಲ. ಅವರು ಎಡಕ್ಕೆ ಅಂದಾಗ ಅವರ ಕಣ್ಮುಂದೆ ಇರೋ ರಸ್ತೆ ಬೇರೆ, ನಿನ್ನ ಕಣ್ಮುಂದೆ ಇರೋದು ಬೇರೆ. ಇಬ್ಬರಿಗೂ ಒಂದೇ ರಸ್ತೆ ಕಾಣಬೇಕು ಅಂದ್ರೆ," ನಾಜ್ನೀನ್ ಕಿಟಕಿಯತ್ತ ಕೈ ಮಾಡಿದರು, "ಅದು ಹೊರಗೇ ಆಗಬೇಕು."

ಹೊರಗಿನ ರಸ್ತೆಗೆ ಬೇರೆ ನಿಯಮವಿತ್ತು. ಪಕ್ಕದಲ್ಲಿ ಕೂರುವ ಹಿರಿಯರು ಅಪಾಯ ಕಂಡರೆ 'ನಿಲ್ಲಿಸು' ಎಂದು ಕೂಗಲು ಶಕ್ತರಿರಬೇಕು. ಪರವಾನಗಿ ಅಧಿಕಾರಿ ಕೆಟ್ಟವರಲ್ಲ, ಆದರೆ ನಿಯಮವನ್ನು ಓದಿ ಹೇಳಿ ತಲೆ ಅಲ್ಲಾಡಿಸಿದರು. ನಾಜ್ನೀನ್ ಅವರೊಡನೆ ವಾದ ಮಾಡಲು ಹೋಗಲಿಲ್ಲ. ಎಡಗಡೆಯೂ ಬ್ರೇಕಿರುವ ಕಲಿಕೆಯ ಗಾಡಿಯೊಂದು ಕೇಂದ್ರದಲ್ಲಿತ್ತು. ಅದರಲ್ಲಿ ಅಜ್ಜಿಯನ್ನು ಕೂರಿಸಿ, ಗಾಜಿನ ಮೇಲೆ ರಸ್ತೆಯ ಚಿತ್ರ ಓಡಿಸಿ, ಅಧಿಕಾರಿಯನ್ನು ಹಿಂದಿನ ಸೀಟಿಗೆ ಕರೆದರು. ಚಿತ್ರದ ಕರು ರಸ್ತೆಗೆ ನುಗ್ಗಿದಾಗ ಅಧಿಕಾರಿ 'ಅಯ್ಯೋ' ಎನ್ನುವುದರೊಳಗೆ ಅಜ್ಜಿಯ ಎಡಗಾಲು ಬ್ರೇಕ್ ಒತ್ತಿಯಾಗಿತ್ತು. ಅವರು ನಕ್ಕುಬಿಟ್ಟರು. ಎಡಬದಿಯ ಬ್ರೇಕಿನ ಗಾಡಿಯಲ್ಲಿ ಮಾತ್ರ, ಹಿಂದಿನ ಸೀಟಿನಲ್ಲಿ ಮಾತು ಬಲ್ಲ ಹಿರಿಯರೊಬ್ಬರಿದ್ದರೆ ಮಾತ್ರ ಎಂದು ಷರತ್ತು ಹಾಕಿ ಒಪ್ಪಿದರು. ಮಾತು ಬಲ್ಲ ಹಿರಿಯಳು ಎಂದರೆ ಅನ್ವಿತಾ.

ಅವಳು ಒಪ್ಪಲಿಲ್ಲ. ಗವಸಿನ ಮಧ್ಯಾಹ್ನದಿಂದ ಅಜ್ಜಿಯ ಸಂಜೆಯ ಮಾತ್ರೆ ನಿಂತಿತ್ತು ನಿಜ. ಆದರೆ ಮಲಗಿ ಓಡಿಸುವುದು ಬೇರೆ, ಎಚ್ಚರದಲ್ಲಿ ಓಡಿಸುವುದು ಬೇರೆ.

"ನಂಗಿರೋದು ನೀವಿಬ್ಬರು," ಎಂದಳು ಅಡುಗೆಮನೆಯಲ್ಲಿ. "ಇಬ್ಬರನ್ನೂ ಒಂದೇ ಗಾಡೀಲಿ ಕೂರಿಸಿ, ಅದೂ ನೀನು ಓಡಿಸೋ ಗಾಡೀಲಿ, ನಾನು ಹಿಂದೆ ಕೂತು ನೋಡ್ಕೊಂಡಿರಬೇಕಾ?"

"ಹ್ಞೂಂ ಅಮ್ಮ," ಎಂದಳು ಮೇದಿನಿ.

ಆ ಸಂಜೆ ಅಜ್ಜಿ ಎಂದಿನಂತೆ ಗೇಟಿಗೆ ಹೋದಳು. ಅನ್ವಿತಾ ಅವಳ ಹಿಂದೆಯೇ ಹೋಗಿ ಜಾಲಗಾಡಿ ಹತ್ತಿ ಪಕ್ಕದಲ್ಲಿ ಕೂತಳು. ಗಾಡಿ ಕೇಳಿತು, ಅಜ್ಜಿ ಉತ್ತರ ಹೇಳಿದಳು, ಗಾಡಿ ಮತ್ತೆ ಕೇಳಿತು. ಅಜ್ಜಿ ತಿರುಗಿ ಮಗಳ ಮುಖವನ್ನು ನೋಡಿದಳು. ಬಾಗಿಲು ತೆರೆದುಕೊಂಡಿತು. ಕಿಟಕಿಯಲ್ಲಿ ನಿಂತಿದ್ದ ಮೇದಿನಿಗೆ ಒಳಗಿನ ಮಾತು ಕೇಳಿಸಲಿಲ್ಲ. ಅಮ್ಮ ಅಜ್ಜಿಯ ಬಲಗೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡದ್ದು ಕಾಣಿಸಿತು. ಒಳಗೆ ಬಂದ ಮೇಲೆ ಅನ್ವಿತಾ, "ಭಾನುವಾರ ಹೋಗೋಣ. ನಿಧಾನಕ್ಕೆ ಓಡಿಸ್ಬೇಕು," ಎಂದಳು.

ಭಾನುವಾರ ಬಿಸಿಲು ಸ್ವಲ್ಪ ತಗ್ಗಿದ ಮೇಲೆ ಹೊರಟರು. ಗಾಡಿಯ ಹಿಂದೆ ಕೆಂಪು 'ಕ'. ಮೇದಿನಿ ಸ್ಟೇರಿಂಗ್ ಹಿಡಿದಳು. ಕನಸಿನ ಸ್ಟೇರಿಂಗಿಗಿಂತ ಇದು ಗಡುಸು, ರಸ್ತೆಯೂ ಗಡುಸು. ಬಂಡೆಗಳು ಇಟ್ಟ ಜಾಗದಲ್ಲೇ ಇದ್ದವು. ಜಾಲಗಾಡಿಗಳು 'ಕ' ಕಂಡೊಡನೆ, ಮಡಿ ಉಟ್ಟವರಿಗೆ ದಾರಿ ಬಿಡುವಂತೆ ಎರಡೂ ಬದಿಗೆ ಸರಿದವು.

"ಎಲ್ಲಿಗೆ?" ಎಂದು ಹಿಂದಿನಿಂದ ಕೇಳಿದಳು ಅನ್ವಿತಾ, ಅಭ್ಯಾಸಬಲದಿಂದ.

ಮೊದಲ ವೃತ್ತದಲ್ಲಿ ಅಜ್ಜಿಯ ಎಡಗೈ ಎದ್ದಿತು. ಅಂಗೈ ಮುಂದಕ್ಕೆ, ಅಂದರೆ ನೇರ. ಮುಂದಿನದರಲ್ಲಿ ಎರಡು ಬೆರಳು ಕಿಟಕಿಯತ್ತ, ಅಂದರೆ ಎಡಕ್ಕೆ. ನೂರಾರು ಜನರಿಗೆ ಕಲಿಸಿದ ಕೈ ಅದು. ಅದರ ಸನ್ನೆಗಳಿಗೆ ಹೆಸರಿನ ಹಂಗಿರಲಿಲ್ಲ. ಮೇದಿನಿ ತಿರುಗಿಸಿದಳು. ಸಂತೆ ಬೀದಿ ಹಿಂದಾಯಿತು, ನೀರಿನ ಟ್ಯಾಂಕು ಹಿಂದಾಯಿತು. ಅಜ್ಜಿ ಒಮ್ಮೆಯೂ ಅನುಮಾನಿಸಲಿಲ್ಲ. ಅವಳ ಕಣ್ಣು ರಸ್ತೆಯನ್ನು ಕುಡಿಯುತ್ತಿತ್ತು.

ಹೊಳಲ್ಕೆರೆಯ ಕಡೆಗೆ ಹೊರಳಿದ ಮೇಲೆ ಮನೆಗಳ ಸಂದಿಯಿಂದ ಮೇಕೆಯೊಂದು ಚಂಗನೆ ರಸ್ತೆಗೆ ಹಾರಿತು. ಹಿಂದಿನಿಂದ ಅನ್ವಿತಾ "ನಿಲ್ಸೇ" ಎಂದು ಕೂಗಿದಳು. ಗಾಡಿ ಅಷ್ಟರಲ್ಲೇ ನಿಂತಿತ್ತು. ಮೇಕೆ ಗಾಡಿಯ ಮುಂದೆ ನಿಂತು ಮೇದಿನಿಯನ್ನು ಒಮ್ಮೆ ದಿಟ್ಟಿಸಿ, ಬಾಲ ಅಲ್ಲಾಡಿಸುತ್ತ ಆಚೆ ಹೋಯಿತು. ಮೇದಿನಿ ಎಡಕ್ಕೆ ಬಗ್ಗಿ ನೋಡಿದಳು. ಅಜ್ಜಿಯ ಪಾದ ಬ್ರೇಕಿನ ಪಕ್ಕದಲ್ಲಿ ಸುಮ್ಮನೆ ಕೂತಿತ್ತು. ಅವಳು ಒತ್ತಿರಲೇ ಇಲ್ಲ. ಈ ಹುಡುಗಿ ನಿಲ್ಲಿಸುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಅಂಗೈ ಎತ್ತಿ ಮುಂದಕ್ಕೆ ತೋರಿಸಿದಳು.

ರಸ್ತೆಗೆ ಅಡ್ಡವಾಗಿ ಹಳದಿ ಪಟ್ಟಿ ಬಂತು. ಹಾದಿಜಾಲ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿಂದಾಚೆಯ ನೆಲಕ್ಕೆ ಜಾಲದ ನಕ್ಷೆಯಲ್ಲಿ ಹೆಸರೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಅಜ್ಜಿಯ ಎರಡು ಬೆರಳು ಎಡಕ್ಕೆ ಬಾಗಿದವು. ಗಾಡಿ ಪಟ್ಟಿ ದಾಟಿ, ಮಣ್ಣುಹಾದಿಗಿಳಿದು, ಜಾಲಿಮರಗಳ ನಡುವೆ ಕುಲುಕುತ್ತ ಸಾಗಿ, ದೊಡ್ಡದೊಂದು ಬಯಲಿಗೆ ಬಂದು ನಿಂತಿತು.

ಬಯಲಿನ ತುಂಬ ಲಂಟಾನ ಬೆಳೆದಿತ್ತು. ಅದರ ನಡುನಡುವೆ ಹಳೆಯ ಕಾಂಕ್ರೀಟಿನ ದಾರಿಯೊಂದು ಹೋಗುತ್ತಿತ್ತು. ಅದು ಎಲ್ಲಿಗೂ ಹೋಗುತ್ತಿರಲಿಲ್ಲ, ಸುತ್ತಿ ಬಳಸಿ ತನ್ನನ್ನೇ ಸೇರುತ್ತಿತ್ತು.

ಅನ್ವಿತಾ ಸೀಟಿನಿಂದ ಮುಂದಕ್ಕೆ ಬಾಗಿದಳು. "ಇದು ಲೈಸೆನ್ಸ್ ಕೊಡೋ ಗ್ರೌಂಡು. ಎಂಟು ಹಾಕಿಸ್ತಿದ್ದರು ಇಲ್ಲಿ. ನಾನು ಚಿಕ್ಕವಳಿದ್ದಾಗ ಅವಳ ಜೊತೆ ಬಂದು ಆ ಮರದ ಕೆಳಗೆ ಕೂತಿರ್ತಿದ್ದೆ." ಅವಳ ದನಿ ಸಣ್ಣಗಾಯಿತು. "ಇದೊಂದು ಹೆಸರು ನಂಗೆ ಹೊಳೆಯಲೇ ಇಲ್ಲ ನೋಡು. ಹೊಳೆದಿದ್ರೂ ಆ ಗಾಡಿ ಬರ್ತಿರಲಿಲ್ಲ."

ಅಜ್ಜಿ ಆಗಲೇ ಎಡಗೈಯಿಂದ ಬಾಗಿಲು ತೆಗೆದು ಇಳಿದಿದ್ದಳು. ಗಾಡಿಯ ಮೂತಿಗೆ ಕೈಯೂರಿಕೊಂಡು, ಕಾಲೆಳೆಯುತ್ತ ಸುತ್ತಿ ಬಂದು ಮೇದಿನಿಯ ಕಿಟಕಿಯ ಪಕ್ಕ ನಿಂತಳು. ಬಯಲು ನೋಡಲು ಬಂದಿದ್ದರೆ ಅವಳು ಬಯಲಿನತ್ತ ನೋಡಬೇಕಿತ್ತು. ಅವಳು ಸ್ಟೇರಿಂಗನ್ನು ನೋಡುತ್ತಿದ್ದಳು.

ಮೇದಿನಿಗೆ ಅರ್ಥವಾಯಿತು, ಅರ್ಥವಾದೊಡನೆ ಭಯವೂ ಆಯಿತು. "ಅಮ್ಮ, ಬೇರೆಯವರ ಕೈಗೆ ಕೊಡಬಾರದು ಅಂತ ಇದೆ. ನನ್ನ ಪರವಾನಗಿ ಹೋಗುತ್ತೆ."

ಅನ್ವಿತಾ ಬಾಗಿಲು ತೆಗೆದು ಇಳಿದಳು. ಆಮೇಲೆ, "ರಸ್ತೇಲಿ ಕೊಡಬಾರದು ಅಂತ ತಾನೇ ಇರೋದು?" ಎಂದಳು. "ಇದು ರಸ್ತೆ ಅಲ್ಲ ಕಣೇ."

ಮೂವರೂ ಜಾಗ ಬದಲಿಸಿದರು. ಅಜ್ಜಿ ಸ್ಟೇರಿಂಗಿನ ಮುಂದೆ ಕೂತಳು. ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಮೇದಿನಿ ಎಡಗಡೆ ಕೂತು ಅಲ್ಲಿನ ಬ್ರೇಕಿನ ಮೇಲೆ ಕಾಲಿಟ್ಟಳು. ಬ್ರೇಕ್ ಬಿಟ್ಟರೆ ಗಾಡಿ ತಾನೇ ನಡೆಯುವವರ ವೇಗದಲ್ಲಿ ತೆವಳುತ್ತಿತ್ತು, ಅದಕ್ಕೆ ಬಲಗಾಲಿನ ಶಕ್ತಿ ಬೇಕಿರಲಿಲ್ಲ. ಅನ್ವಿತಾ ಹೊರಗುಳಿದಳು. ಮುಂದೆ ಹೋಗಿ ದಾರಿಗಡ್ಡ ಬಂದಿದ್ದ ಲಂಟಾನದ ಕೊಂಬೆಗಳನ್ನು ಮುರಿದು ಆಚೆ ಎಸೆದಳು. ಮುಳ್ಳು ಗೀರಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಎಂಟರ ಒಂದು ಸುತ್ತಿನ ನಡುವೆ ಹೋಗಿ ನಿಂತಳು.

ಮೇದಿನಿ ಕಾಲು ಸಡಿಲಿಸಿದಳು. ಗಾಡಿ ಹೊರಟಿತು.

ಮೊದಲ 'ಎಂಟು' ಚೆನ್ನಾಗಿ ಬರಲಿಲ್ಲ. ಒಂದೇ ಕೈಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗುವ ಹೊತ್ತಿಗೆ ಗಾಡಿ ಪೊದೆಯನ್ನು ಸವರಿತು. ಮೇದಿನಿ ಹೆದರಿ ಬ್ರೇಕ್ ಒತ್ತಿದಳು. ಅಜ್ಜಿ ತಿರುಗಿ ಅವಳನ್ನು ಒಂದು ನೋಟ ನೋಡಿದಳು. ಕಲಿಯಲು ಬಂದವರು ಗುರುವಿಗೆ ಕಲಿಸಹೊರಟಾಗ ಸಿಗುವ ನೋಟ ಅದು. ಎಡಗೈಯಿಂದ ಮೇದಿನಿಯ ಮೊಣಕಾಲನ್ನು ಹಿಂದಕ್ಕೆ ತಳ್ಳಿ, ಮತ್ತೆ ಸ್ಟೇರಿಂಗ್ ಹಿಡಿದಳು. ಎರಡನೆಯ ಸಲ ಗಾಡಿ ದಾರಿ ಬಿಡದೆ ಸುತ್ತಿತು. ಮೂರನೆಯ ಸಲ ಅಜ್ಜಿಯ ಭುಜ ಇಳಿದು, ಉಸಿರು ಸಲೀಸಾಯಿತು. ನಿದ್ದೆಮನೆಯ ಮಧ್ಯಾಹ್ನಗಳಲ್ಲಿ ಪಕ್ಕದ ಮಂಚದಿಂದ ಕೇಳುತ್ತಿದ್ದ ಅದೇ ಉಸಿರು. ಧೂಳು ಬಿಸಿಲಿನಲ್ಲಿ ಎದ್ದು ಹೊಳೆಯುತ್ತ ನಿಂತಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಿಟಕಿಯಲ್ಲಿ ಅಮ್ಮ ಬರುತ್ತಿದ್ದಳು, ಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳು. ಪ್ರತಿಸಲವೂ ಅವಳು ಗಾಡಿ ತಿರುಗಿದತ್ತ ತಾನೂ ತಿರುಗುತ್ತಿದ್ದಳು. ಎಷ್ಟೋ ವರ್ಷಗಳಿಂದ ಕಾಣದಿದ್ದ ನಗು ಅವಳ ಮುಖದಲ್ಲಿತ್ತು.

ಬೆಳಕು ಕೆಂಪಗಾಗತೊಡಗಿದಾಗ ಮೇದಿನಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅಮ್ಮ, ಹೊತ್ತು ಮುಳುಗೋದ್ರೊಳಗೆ ನಾನು ಗಾಡಿ ಮನೆ ಸೇರಿಸ್ಬೇಕು."

ಅನ್ವಿತಾ ಕಣ್ಣಿಗೆ ಕೈ ಅಡ್ಡ ಹಿಡಿದು ಪಡುವಣಕ್ಕೆ ನೋಡಿದಳು. ಸೂರ್ಯ ಇನ್ನೂ ಜಾಲಿಮರಗಳಿಗಿಂತ ಒಂದು ಮಾರು ಮೇಲಿದ್ದ.

"ಹೊತ್ತಿದೆ," ಎಂದಳು. "ಇನ್ನೊಂದು ಸುತ್ತು ಹಾಕಿಕೊಂಡು ಬರಲಿ."

ಮೇದಿನಿ ಬ್ರೇಕಿನ ಮೇಲಿಂದ ಕಾಲು ತೆಗೆದಳು. ಈ ಸಲ ಅದನ್ನು ಮತ್ತೆ ಅಲ್ಲಿಡಲಿಲ್ಲ. ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, ಅಜ್ಜಿ ಓಡಿಸುವುದನ್ನು ನೋಡುತ್ತ ಕೂತಳು.